ಕಾಯುವವನ ಕಾಗದ ಕಾಯುವವರಾರು?

ನಂದಗಡದ ಪೇಟೆಯಲ್ಲಿ ಝೆರಾಕ್ಸ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಅಂಥ ಒಬ್ಬ ಹುಡುಗ ಕಣ್ಣಿಗೆ ಬೀಳುತ್ತಾನೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಆಧಾರ್, ಪಾನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಾಲ್ಕು ಫೋಟೋ. ಗೋವಾದಲ್ಲೋ, ಬೆಳಗಾವಿಯ ಸಾಂಬ್ರಾದಲ್ಲೋ ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿ ಕೆಲಸ ಇದೆಯೆಂದು ಯಾರೋ ಹೇಳಿರುತ್ತಾರೆ.

"ಎಷ್ಟ್ ಕಾಪಿ ತಗೀಲೋ ತಮ್ಮಾ?"

"ಎಲ್ಲಾ ಐದೈದು ತಗೀರಿ ಅಣ್ಣಾರ. ಇನ್ನೂ ಎಲ್ಲೆಲ್ಲಿ ಕೇಳ್ತಾರೋ ಏನೋ."

ಒಂದು ಪ್ರತಿ ಗುತ್ತಿಗೆದಾರನಿಗೆ, ಒಂದು ಪೊಲೀಸ್ ಪರಿಶೀಲನೆಗೆ, ಒಂದು ಬ್ಯಾಂಕಿಗೆ, ಒಂದು ಕೆಲಸ ಕೊಡಿಸುತ್ತೇನೆಂದ ಮಧ್ಯವರ್ತಿಗೆ. ಐದನೆಯದು ಎಲ್ಲಿಗೆ ಹೋಯಿತೆಂಬುದು ತಿಂಗಳು ಕಳೆದ ಮೇಲೆ ಆ ಹುಡುಗನಿಗೇ ನೆನಪಿರುವುದಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತವನ ಕೆಲಸವೆಂದರೆ ಬಂದವರ ಗುರುತು ನೋಡುವುದು. ಟಿಕೆಟ್ಟಿನಲ್ಲಿರುವ ಹೆಸರೂ ಕಾರ್ಡಿನಲ್ಲಿರುವ ಹೆಸರೂ ಒಂದೇ ತಾನೆ, ಫೋಟೋದಲ್ಲಿರುವ ಮುಖವೂ ಎದುರಿಗಿರುವ ಮುಖವೂ ಒಂದೇ ತಾನೆ ಎಂದು ಅವನು ದಿನವಿಡೀ ಕಣ್ಣು ಕೀಲಿಸಿ ನೋಡುತ್ತಾನೆ. ಆದರೆ ಅವನ ಸ್ವಂತ ಗುರುತು ಎಲ್ಲಿದೆ? ಯಾವುದೋ ಕಚೇರಿಯ ಅಲಮಾರಿನಲ್ಲಿ, ಇಲ್ಲವೆ ಕಂಪ್ಯೂಟರಿನಲ್ಲಿ. ಅದರ ಬೀಗದ ಕೈ ಯಾರ ಬಳಿ ಇದೆಯೆಂದು ಅವನಿಗೆ ಗೊತ್ತಿಲ್ಲ.

ಇದು ಬರೀ ಹಳ್ಳಿಯ ಹುಡುಗರ ಪಾಡಲ್ಲ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನ ನಿಲ್ದಾಣಗಳ ತಪಾಸಣೆಗೆಂದೇ ಟಿ.ಎಸ್.ಎ. ಎಂಬ ಸಂಸ್ಥೆ ಹುಟ್ಟಿತು. ಪ್ರಯಾಣಿಕರ ಬೂಟು ಬಿಚ್ಚಿಸಿ, ನೀರಿನ ಬಾಟಲಿ ಕಸಿದು ಹೆಸರಾದ ಸಂಸ್ಥೆ ಅದು. 2007ರ ಮೇ ತಿಂಗಳಲ್ಲಿ ಅದರ ಮುಖ್ಯ ಕಚೇರಿಯ ಸಿಬ್ಬಂದಿ ವಿಭಾಗದಿಂದಲೇ ಒಂದು ಹಾರ್ಡ್ ಡಿಸ್ಕ್ ಕಾಣೆಯಾಯಿತು. 2002ರಿಂದ 2005ರವರೆಗೆ ಕೆಲಸ ಮಾಡಿದ್ದ ಸುಮಾರು 1 ಲಕ್ಷ ನೌಕರರ ಹೆಸರು, ಹುಟ್ಟಿದ ದಿನ, ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಸಂಬಳ, ಬ್ಯಾಂಕ್ ಖಾತೆ ಎಲ್ಲವೂ ಅದರಲ್ಲಿತ್ತು. ಕಂಡಕಂಡವರು ಕಾಲಿಡುವ ಜಾಗವಲ್ಲ ಅದು. ಡಿಸ್ಕನ್ನು ಕದ್ದರೋ, ಕಟ್ಟಡದಲ್ಲೇ ಎಲ್ಲೋ ಬಿದ್ದಿದೆಯೋ ಎಂದು ಹೇಳಲೂ ಸಂಸ್ಥೆಗೆ ಆಗಲಿಲ್ಲ. ನೌಕರರಿಗೆ ಕ್ಷಮೆಯ ಪತ್ರ ಹೋಯಿತು. ನಿಮ್ಮ ಹೆಸರಲ್ಲಿ ಯಾರಾದರೂ ಸಾಲ ಎತ್ತಿದರೆ ತಿಳಿಯಲೆಂದು ಒಂದು ವರ್ಷ ಉಚಿತ ನಿಗಾ ವ್ಯವಸ್ಥೆ ಮಾಡುತ್ತೇವೆ ಎಂಬ ಭರವಸೆಯೂ ಹೋಯಿತು. ನೌಕರರ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ಲೋಕದ ಚೀಲಗಳನ್ನೆಲ್ಲ ಜಾಲಾಡುವವರು ತಮ್ಮ ಮನೆಯ ಚೀಲವನ್ನೇ ಕಳೆದುಕೊಂಡಿದ್ದರು.

ಒಳಗಿನಿಂದ ಬರುವ ಕೇಡು ಎಂಥದೆಂದು ನಂದಗಡಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಂಪಣಿ ಸರ್ಕಾರದ ಕಚೇರಿಗಳಿಗೆ ಬೆಂಕಿಯಿಟ್ಟು ಈ ಸೀಮೆಯ ಕಾಡಿನಲ್ಲಿ ದಂಡನ್ನು ದಣಿಸಿದ ಸಂಗೊಳ್ಳಿ ರಾಯಣ್ಣ 1830ರ ಏಪ್ರಿಲ್‌ನಲ್ಲಿ ಸೆರೆಸಿಕ್ಕಿದ್ದು ಇಂಗ್ಲಿಷರ ತೋಪಿನಿಂದಲ್ಲ, ತನ್ನವರೆಂದು ನಂಬಿದವರ ಕೈಯಿಂದ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ ಜಾಗದ ಆಲದ ಮರಕ್ಕೆ ಇಂದಿಗೂ ಮಕ್ಕಳಿಲ್ಲದ ಹೆಣ್ಣುಮಕ್ಕಳು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ.

ಗುರುತಿನ ಕಳ್ಳತನದಲ್ಲೂ ಬೀಗ ಮುರಿಯುವ ಕಳ್ಳನಿಗಿಂತ ಬೀಗದ ಕೈ ಇರುವ ಕಳ್ಳನೇ ಹೆಚ್ಚು ಅಪಾಯ. ಸಂಬಳದ ಪಟ್ಟಿ ಮಾಡುವವನು, ಕಡತ ಹೊರುವವನು, ಕಂಪ್ಯೂಟರ್ ರಿಪೇರಿಗೆ ಬಂದವನು ಯಾರೇ ಆಗಿರಲಿ, ಅವನು ಕಾಗದ ನೋಡುವುದು ಅವನ ಕೆಲಸವೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಎಮ್ಮೆ ಕದ್ದರೆ ಕೊಟ್ಟಿಗೆ ಖಾಲಿಯಾಗುತ್ತದೆ, ಮುಂಜಾನೆ ಎದ್ದ ಕೂಡಲೇ ತಿಳಿಯುತ್ತದೆ. ಗುರುತು ಕದ್ದರೆ ಮೂಲ ಕಾಗದ ಟ್ರಂಕಿನಲ್ಲೇ ಇರುತ್ತದೆ. ತಾನು ಕೇಳದ ಸಾಲದ ನೋಟೀಸು ಮನೆ ಬಾಗಿಲಿಗೆ ಬಂದಾಗಲೇ ಗೊತ್ತು. ವಿಮಾನ ನಿಲ್ದಾಣದ ನೌಕರನಿಗಂತೂ ಇದು ಹೊಟ್ಟೆಯ ಮೇಲೇ ಬೀಳುವ ಪೆಟ್ಟು. ಅವನ ಪ್ರವೇಶ ಪರವಾನಗಿ ನಿಂತಿರುವುದೇ ಪೊಲೀಸರ ನಡತೆ ಪರಿಶೀಲನೆಯ ಮೇಲೆ. ಅವನ ಹೆಸರಿನ ಸಿಮ್ ಬಳಸಿ ಬೇರೊಬ್ಬ ಮೋಸ ಮಾಡಿದರೂ ಠಾಣೆಯವರು ಮೊದಲು ತಟ್ಟುವುದು ಇವನ ಮನೆಯ ಬಾಗಿಲನ್ನೇ.

ಹೆಸರು, ಸಂಖ್ಯೆಗಳಾದರೆ ಹೋಗಲಿ, ಬೆರಳಚ್ಚನ್ನು ಯಾರು ಕದ್ದಾರು ಎಂದು ಕೇಳುವವರಿದ್ದಾರೆ. 2023ರಲ್ಲಿ ಕರ್ನಾಟಕದಲ್ಲೇ ಅದಕ್ಕೆ ಉತ್ತರ ಸಿಕ್ಕಿತು. ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಯಿಂದ ಹಣ ಹೋಗತೊಡಗಿತು. ಓಟಿಪಿ ಬಂದಿರಲಿಲ್ಲ, ಯಾರ ಫೋನ್ ಕರೆಯೂ ಬಂದಿರಲಿಲ್ಲ. ತನಿಖೆ ಮಾಡಿದರೆ ಜಾಡು ನೋಂದಣಿ ಪತ್ರಗಳ ಕಡೆಗೆ ಹೋಯಿತು. ಅಂತರ್ಜಾಲದಲ್ಲಿ ಸಿಗುತ್ತಿದ್ದ ಆ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಮಂಗಳೂರು ಪೊಲೀಸರು ಬಿಹಾರ ಮೂಲದ ಕೆಲವರನ್ನು ಬಂಧಿಸಿದರು. ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಡುವ ಕೆಲಸಕ್ಕೆ ಸರ್ಕಾರ ಆಮೇಲೆ ಕೈಹಾಕಿತು.

ಆಧಾರ್ ಆಧಾರಿತ ಪಾವತಿಗೆ ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಬ್ಯಾಂಕು ದೂರವಿರುವ ಹಳ್ಳಿಯ ಅಜ್ಜಿ ಸಹಿ, ಪಿನ್ನು ಯಾವುದೂ ಇಲ್ಲದೆ ಪಿಂಚಣಿ ಪಡೆಯಲೆಂದು ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಅಜ್ಜಿಗೆ ಸುಲಭವಾದದ್ದು ಕಳ್ಳನಿಗೂ ಸುಲಭವಾಯಿತು. ಕಾಗದದ ಮೇಲಿನ ಗುರುತಿನಿಂದ ಅಚ್ಚು ಮಾಡಿ, ಸಿಲಿಕಾನಿನಂಥ ಮೆತ್ತನೆ ವಸ್ತುವಿನಲ್ಲಿ ಬೆರಳಿನ ಗೆರೆಗಳನ್ನು ಎಬ್ಬಿಸಿದರೆ ಯಂತ್ರ ಮೋಸಹೋಗುತ್ತದೆ. ಇದೂ ಹೊಸ ವಿದ್ಯೆಯಲ್ಲ. 2002ರಲ್ಲಿ ಜಪಾನಿನ ಯೊಕೊಹಾಮಾದ ಪ್ರೊಫೆಸರ್ ಮಾತ್ಸುಮೊಟೊ ಜೆಲಾಟಿನ್‌ನಿಂದ, ಅಂದರೆ ಮಿಠಾಯಿಗೆ ಹಾಕುವ ಅಂಟಿನಿಂದ, ಬೆರಳು ಮಾಡಿ 11 ಬಗೆಯ ಯಂತ್ರಗಳಿಗೆ ತೋರಿಸಿದ್ದರು. ಬಹಳಷ್ಟು ಸಲ ಅವೆಲ್ಲ 'ಬನ್ನಿ ಒಳಗೆ' ಎಂದಿದ್ದವು.

ಈ ಕಥೆಯಲ್ಲೊಂದು ವಿಚಿತ್ರವಿದೆ. ಆಡಳಿತದ ಕೆಲಸಕ್ಕೆ ಅಂಗೈ ಗುರುತು ಪಡೆಯುವ ಪ್ರಯೋಗ ಭಾರತದ ನೆಲದಲ್ಲೂ ನಡೆದಿತ್ತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ರಸ್ತೆ ಸಾಮಗ್ರಿಯ ಗುತ್ತಿಗೆದಾರ ರಾಜ್ಯಧರ ಕೊನಾಯಿ ಎಂಬಾತನ ಅಂಗೈಯನ್ನೇ ಕರಾರುಪತ್ರದ ಹಿಂದೆ ಒತ್ತಿಸಿಕೊಂಡ. ಆಮೇಲೆ ಕೊಟ್ಟ ಮಾತು ತಪ್ಪದಿರಲೆಂದು! 1877ರಲ್ಲಿ ಹೂಗ್ಲಿಯಲ್ಲಿ ಅದೇ ಹರ್ಷೆಲ್ ಪಿಂಚಣಿ ಪಡೆಯುವವರಿಗೂ ನೋಂದಣಿ ಕಚೇರಿಗೂ ಬೆರಳಚ್ಚಿನ ಪದ್ಧತಿ ತಂದ. ಸತ್ತವರ ಹೆಸರಲ್ಲಿ ಬೇರೊಬ್ಬರು ಬಂದು ಪಿಂಚಣಿ ಎತ್ತದಿರಲಿ, ಬರೆದುಕೊಟ್ಟವನು ನಾಳೆ 'ನಾನು ಬರೆದಿಲ್ಲ' ಎನ್ನದಿರಲಿ ಎಂಬುದು ಉದ್ದೇಶ. ಕಳ್ಳನನ್ನು ದೂರವಿಡಲು ನೋಂದಣಿ ಕಚೇರಿಗೆ ಬಂದ ಹೆಬ್ಬೆಟ್ಟು ನೂರೈವತ್ತು ವರ್ಷ ತುಂಬುವುದರೊಳಗೆ ಅದೇ ನೋಂದಣಿ ಪತ್ರದಿಂದ ಕಳ್ಳನ ಕೈಸೇರಿತು.

ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. 2015ರಲ್ಲಿ ಅಮೆರಿಕದ ಸರ್ಕಾರಿ ಸಿಬ್ಬಂದಿ ಕಚೇರಿಯ ಕಂಪ್ಯೂಟರುಗಳಿಂದ 2 ಕೋಟಿ 15 ಲಕ್ಷ ಜನರ ವಿವರ ಕಳುವಾದದ್ದು ಬಯಲಾಯಿತು. ಅವರಲ್ಲಿ 56 ಲಕ್ಷ ಮಂದಿಯ ಬೆರಳಚ್ಚೂ ಸೇರಿತ್ತು. ಕಳ್ಳರು ಒಳಹೊಕ್ಕದ್ದು ಒಂದು ಗುತ್ತಿಗೆ ಸಂಸ್ಥೆಗೆ ಕೊಟ್ಟಿದ್ದ ಪ್ರವೇಶಪದದಿಂದ. ಅಲ್ಲಿಯೂ ಗುತ್ತಿಗೆದಾರನ ಬಾಗಿಲೇ!

ಇಲ್ಲಿನ ಸರ್ಕಾರಕ್ಕೆ ಈ ಅಪಾಯ ತಿಳಿಯದೆಂದಲ್ಲ. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ 27ರಂದು, ಕಂಡವರಿಗೆಲ್ಲ ಆಧಾರಿನ ನಕಲು ಪ್ರತಿ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರು. ಎರಡೇ ದಿನಕ್ಕೆ, ತಪ್ಪಾಗಿ ಅರ್ಥೈಸಿಕೊಳ್ಳುವ ಸಾಧ್ಯತೆಯಿದೆ ಎಂದು ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೇಳಿದ್ದು ನಿಜವಾದರೂ ಹೇಳಬಾರದಿತ್ತು ಎಂಬ ಧಾಟಿ! 2023ರ ಆಗಸ್ಟ್‌ನಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೊಂದು ಕಾಯ್ದೆಯೂ ಬಂತು. ಮಾಹಿತಿಯನ್ನು ಜೋಪಾನ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ. ನಂದಗಡದ ಹುಡುಗನ ಐದನೆಯ ಪ್ರತಿಯ ಜಾಡು ಹಿಡಿದು ಹೋಗುವವರು ಯಾರು ಎಂಬುದು ಬೇರೆ ಮಾತು.

ಅಲ್ಲಿಯತನಕ ಹುಡುಗನ ಕೈಯಲ್ಲಿರುವ ಉಪಾಯಗಳೂ ಕೆಲವಿವೆ. ಆಧಾರಿನಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ; ಪೂರ್ತಿ ಸಂಖ್ಯೆ ಬೇಡದ ಕಡೆ ಅದನ್ನೇ ಕೊಡಬಹುದು. ಬೆರಳಚ್ಚಿಗೆ ಬೀಗ ಹಾಕಿ, ಬೇಕಾದಾಗ ತೆರೆಯುವ ಸೌಲಭ್ಯ ಪ್ರಾಧಿಕಾರದ ಮೊಬೈಲ್ ಆ್ಯಪ್‌ನಲ್ಲಿದೆ. ತಿಳಿಯದಿದ್ದರೆ 1947ಕ್ಕೆ ಫೋನ್ ಮಾಡಿ ಕೇಳಬಹುದು. ಖಾತೆಯಿಂದ ಹಣ ಹೋದರೆ ಅವರಿವರನ್ನು ಕೇಳುತ್ತ ಕೂರದೆ ಕೂಡಲೇ 1930ಕ್ಕೂ ಬ್ಯಾಂಕಿಗೂ ತಿಳಿಸಬೇಕು. ಖಾತೆದಾರನ ತಪ್ಪಿಲ್ಲದೆ ಮೂರನೆಯವರಿಂದಾದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನ ತಲೆಗೆ ಬರಬಾರದೆಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲೇ ಸುತ್ತೋಲೆ ಕಳಿಸಿತ್ತು.

ಇನ್ನೊಂದು ಕಾಸಿಲ್ಲದ ಉಪಾಯ. ಕೊಡುವ ಪ್ರತಿಯೊಂದು ನಕಲಿನ ಮೇಲೂ ಅಡ್ಡಲಾಗಿ, ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟದ್ದು ಎಂದು ಬರೆದು ಸಹಿ ಹಾಕುವುದು. ಆಗ ಐದನೆಯ ಪ್ರತಿ ಎಲ್ಲಿ ಸಿಕ್ಕರೂ ಅದು ಯಾರ ಕೈಯಿಂದ ಜಾರಿತೆಂದು ಅದೇ ಹೇಳುತ್ತದೆ. ಬರೆಯಲು ಪೆನ್ನು ಹುಡುಕಬೇಕಿಲ್ಲ, ಝೆರಾಕ್ಸ್ ಅಂಗಡಿಯ ಟೇಬಲ್ಲಿಗೆ ದಾರದಿಂದ ಕಟ್ಟಿಟ್ಟಿರುತ್ತಾರೆ.