ಕಿಟಕಿಯ ಹೊರಗಿನ ಪೆಟ್ಟಿಗೆ



ಹೋದ ಸಂಚಿಕೆಯಲ್ಲಿ ಉಪ್ಪಿನಕಾಯಿ ಭರಣಿಯ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದ ಒಬ್ಬ ಹುಡುಗಿ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗ ಅಂದಳು: "ಕಾಕು, ನಮ್ಮ ಫ್ಲ್ಯಾಟಿನಲ್ಲಿ ಭರಣಿ ಇಲ್ಲ, ಎಸಿ ಇದೆ. ಅದರ ಬಗ್ಗೆ ಬರೀರಿ." ಅವಳು ಚೇಷ್ಟೆಗೆ ಅಂದದ್ದು. ಆದರೆ ಎಸಿಯ ವಿಷಯದಲ್ಲಿ ನನಗೆ ಹೇಳಬೇಕಾದದ್ದೊಂದು ನಿಜವಾಗಿಯೂ ಇದೆ. ನಾನು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು, ಯಂತ್ರದ ವಿದ್ಯೆ ಓದಿದವಳಲ್ಲ. ಕೈಸುಟ್ಟುಕೊಂಡು ಕಲಿತದ್ದನ್ನಷ್ಟೇ ಬರೆಯುತ್ತೇನೆ.

ನಾವಿರುವುದು ಸ್ವಾರಗೇಟಿನಲ್ಲಿ, ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ. ಬೆಳಗಿನ ಜಾವದಿಂದ ಎಸ್.ಟಿ. ಬಸ್ಸುಗಳ ಸದ್ದು, ಸಾಲದ್ದಕ್ಕೆ 2024ರಿಂದ ನೆಲದಡಿಯಲ್ಲಿ ಮೆಟ್ರೋ ಕೂಡ ಬಂದಿದೆ. ಧಾರವಾಡದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಪುಣೆಯ ರಾತ್ರಿಗಳು ಎಷ್ಟು ತಂಪಾಗಿದ್ದವೆಂದರೆ ಬೆಳಗಿನ ಹೊತ್ತಿಗೆ ಫ್ಯಾನು ಆರಿಸಿ ಮಲಗುತ್ತಿದ್ದೆವು. ಈಗ ಏಪ್ರಿಲ್ ಬಂದರೆ ಗೋಡೆಗಳು ರಾತ್ರಿ ಹನ್ನೊಂದಕ್ಕೂ ಬಿಸಿಯಾಗಿರುತ್ತವೆ. 2022ರ ಬೇಸಿಗೆಯಲ್ಲಿ ಅತ್ತೆಯವರಿಗೆ ತಡೆಯಲಿಲ್ಲ. ಅವರ ಕೋಣೆಗೆ ಒಂದೂವರೆ ಟನ್ನಿನ ಎಸಿ ತಂದೆವು. ಈ "ಟನ್" ಅನ್ನುವುದು ಪೆಟ್ಟಿಗೆಯ ತೂಕವಲ್ಲ, ಗೊತ್ತೇ? ಒಂದು ಟನ್ ಮಂಜುಗಡ್ಡೆ ಇಪ್ಪತ್ನಾಲ್ಕು ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಆ ಲೆಕ್ಕ. ಮಂಜುಗಡ್ಡೆ ಮಾರುತ್ತಿದ್ದ ಕಾಲದ ಮಾತು ಇನ್ನೂ ಉಳಿದುಕೊಂಡಿದೆ.

ನಾವೆಲ್ಲ ನೋಡುವುದು, ಬಣ್ಣ ಆರಿಸುವುದು, ರಿಮೋಟ್ ಒತ್ತುವುದು ಒಳಗಿನ ಪೆಟ್ಟಿಗೆಗೆ. ನಿಜವಾದ ದುಡಿತವೆಲ್ಲ ಕಿಟಕಿಯ ಹೊರಗಿನ ಪೆಟ್ಟಿಗೆಯದು. ಅದನ್ನು ಕಂಡೆನ್ಸಿಂಗ್ ಯುನಿಟ್ ಅನ್ನುತ್ತಾರೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಆವಿ ಹನಿಗಟ್ಟುತ್ತದಲ್ಲ, ಅದೇ ಕಂಡೆನ್ಸ್ ಆಗುವುದು. ಬಿಸಿನೀರು ತಗುಲಿದ್ದಕ್ಕಿಂತ ಆವಿ ತಗುಲಿದರೆ ಕೈ ಹೆಚ್ಚು ಸುಡುವುದೇಕೆ? ಆವಿ ನೀರಾಗುವಾಗ ತನ್ನೊಳಗೆ ಅಡಗಿಸಿಕೊಂಡಿದ್ದ ಶಾಖವನ್ನೆಲ್ಲ ನಿಮ್ಮ ಚರ್ಮಕ್ಕೆ ಬಿಟ್ಟುಕೊಡುತ್ತದೆ. ಎಸಿಯ ಗ್ಯಾಸು ಮಾಡುವುದೂ ಇಷ್ಟೇ. ಒಳಗಿನ ಸುರುಳಿಯಲ್ಲಿ ಆವಿಯಾಗುತ್ತ ಕೋಣೆಯ ಶಾಖ ಹೀರುತ್ತದೆ. ಹೊರಗಿನ ಪೆಟ್ಟಿಗೆಯ ಕಂಪ್ರೆಸರ್ ಅದನ್ನು ಅದುಮಿ ಬಿಸಿ ಮಾಡುತ್ತದೆ, ಹೊರಗಿನ ಸುರುಳಿಯಲ್ಲಿ ಅದು ಮತ್ತೆ ದ್ರವವಾಗುತ್ತ ಶಾಖವನ್ನು ಬೀದಿಗೆ ಬಿಡುತ್ತದೆ. ಹೊರಗೆ 40 ಡಿಗ್ರಿ ಇದ್ದಾಗ ಆ ಸುರುಳಿ 50ನ್ನು ದಾಟಿರಬೇಕು, ಇಲ್ಲದಿದ್ದರೆ ಶಾಖ ಹೊರಗೆ ಹೋಗುವುದಾದರೂ ಹೇಗೆ? ಆದ್ದರಿಂದ ಎಸಿ ತಂಪನ್ನು ತಯಾರಿಸುವುದಿಲ್ಲ, ನಮ್ಮ ಕೋಣೆಯ ಬಿಸಿಯನ್ನು ಹೊರಗೆ ಹೊತ್ತುಹಾಕುತ್ತದೆ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ವಿಲ್ಲಿಸ್ ಕ್ಯಾರಿಯರ್ ಮೊದಲು ಇಂಥದ್ದನ್ನು ಮಾಡಿದ್ದು ಮನುಷ್ಯರ ಸುಖಕ್ಕಲ್ಲ, ಒಂದು ಮುದ್ರಣಾಲಯದಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಕದಲದಿರಲಿ ಎಂದು!

ಇರಲಿ, ನಮ್ಮ ಮನೆಗೆ ಬರೋಣ. ಅಂಗಡಿಯವರು ಕಳಿಸಿದ ಇಬ್ಬರು ಹುಡುಗರು ಬಂದರು. ನಾನು ಹೊರಗಿನ ಪೆಟ್ಟಿಗೆಗೆ ಡ್ರೈ ಬಾಲ್ಕನಿ ತೋರಿಸಿದೆ. ಬೇಡವೆಂದರು, ಆ ಮಾತು ಸರಿಯೇ. ಮೂರು ಕಡೆ ಮುಚ್ಚಿದ ಜಾಗದಲ್ಲಿ ಪೆಟ್ಟಿಗೆ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಒಳಗೆಳೆದುಕೊಳ್ಳುತ್ತದೆ. ಒತ್ತಡ ಏರುತ್ತದೆ, ಕರೆಂಟು ಹೆಚ್ಚು ತಿನ್ನುತ್ತದೆ, ತಂಪು ಕಡಿಮೆಯಾಗುತ್ತದೆ. ಆಮೇಲೆ ಅವರು ತೋರಿಸಿದ್ದು ಛಜ್ಜಾ, ಅಂದರೆ ಕೆಳಗಿನ ಮನೆಯ ಕಿಟಕಿಗೆ ಮಳೆ ಬಡಿಯದಂತೆ ಗೋಡೆಯಿಂದ ಚಾಚಿದ ಕಾಂಕ್ರೀಟಿನ ಹಲಗೆ. ಒಂದೂವರೆ ಅಡಿ ಅಗಲ. ಒಬ್ಬ ಹುಡುಗ ಬರಿಗೈಯಲ್ಲಿ ಕಿಟಕಿ ದಾಟಿ ಅದರ ಮೇಲೆ ನಿಂತ. ಹಗ್ಗವಿಲ್ಲ, ಬೆಲ್ಟಿಲ್ಲ, ಕಾಲಿಗೆ ಹವಾಯಿ ಚಪ್ಪಲಿ. ನಾನು ಏನು ಮಾಡಿದೆ ಗೊತ್ತೇ? ನೋಡಲಾರದೆ ಚಹಾ ಮಾಡಲು ಒಳಗೆ ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಎಸಿ ಆ ವರ್ಷ ಚೆನ್ನಾಗಿ ನಡೆಯಿತು. 2023ರ ಮಾರ್ಚಿನಲ್ಲಿ ತಂಪು ಕಡಿಮೆಯಾಯಿತು. ಬಂದವನು "ಗ್ಯಾಸ್ ಖಾಲಿ" ಎಂದು ತುಂಬಿಸಿ ಹೋದ. 2024ರಲ್ಲಿ ಮತ್ತೆ ಅದೇ. ಪ್ರತಿ ಸಲವೂ ಯಾರೋ ಒಬ್ಬ ತಾಯಿಯ ಮಗ ಆ ಛಜ್ಜಾದ ಮೇಲೆ ಇಳಿದ. ಸ್ಕೂಟರಿಗೆ ಪೆಟ್ರೋಲ್ ಹಾಕಿಸುವ ಹಾಗೆ ಇದೂ ವರ್ಷಕ್ಕೊಮ್ಮೆಯ ಖರ್ಚೆಂದು ನಾವು ತಿಳಿದಿದ್ದೆವು.

2025ರಲ್ಲಿ ಬಂದವನು ಬೇರೆ ಹುಡುಗ. ಮರಾಠಿಯಲ್ಲಿ ಮಾತಾಡುತ್ತಿದ್ದ. ನಾನು ಒಳಗೆ ಅತ್ತೆಯವರೊಂದಿಗೆ ಮಾತಾಡಿದ್ದು ಕೇಳಿ, "ನೀವು ಕನ್ನಡದೋರೇನ್ರೀ ಅವ್ವಾರ?" ಅಂದ. ಇಂಡಿ ತಾಲೂಕಿನವನಂತೆ. ಗ್ಯಾಸು ತುಂಬಿಸಪ್ಪ ಅಂದರೆ ನಕ್ಕ.

"ಗ್ಯಾಸ್ ಏನ್ ಚಿಮಣಿ ಎಣ್ಣಿ ಏನ್ರೀ, ಉರದು ಖಾಲಿ ಆಗಾಕ? ಎಲ್ಲೋ ಸೋರಾಕತ್ತೈತಿ. ಅದನ್ನ ಹುಡುಕದ ತುಂಬಿಸಿದ್ರ, ತೂತಿನ ಕೊಡಕ್ಕ ನೀರ ಹಾಕಿದಂಗ."

ಕಿಟಕಿಯಿಂದ ಬಗ್ಗಿ ಮೊಬೈಲಿನ ಬೆಳಕು ಬಿಟ್ಟು ತೋರಿಸಿದ. ತಾಮ್ರದ ಕೊಳವೆ ಪೆಟ್ಟಿಗೆಗೆ ಸೇರುವ ಹಿತ್ತಾಳೆಯ ನಟ್ಟಿನ ಸುತ್ತ ಎಣ್ಣೆಯ ಕಲೆ, ಅದಕ್ಕೆ ಧೂಳು ಅಂಟಿ ಕಪ್ಪಗಾಗಿತ್ತು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ, ಸೋರುವ ಕಡೆ ಅದೇ ಚಾಡಿ ಹೇಳುತ್ತದೆ. ಆಮೇಲೆ ಅವನು ಒಂದು ಕಾಲನ್ನು ಕಿಟಕಿಯ ಆಚೆ ಹಾಕಿದ. ಈ ಸಲ ನಾನು ಚಹಾ ಮಾಡಲು ಹೋಗಲಿಲ್ಲ. ಅಂಗಿ ಹಿಡಿದೆ.

"ಬೆಲ್ಟ್ ಎಲ್ಲೈತೋ ತಮ್ಮಾ?"

"ಗಾಡ್ಯಾಗ ಐತ್ರಿ."

"ಗಾಡಿ?"

"ಕಾತ್ರಜ್‌ನ್ಯಾಗ್ರಿ."

ಅವತ್ತು ಕೆಲಸ ಆಗಲಿಲ್ಲ. ಚಹಾ ಕುಡಿಯುತ್ತ ಕೂತಾಗ ಅವನು ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. ತಾಮ್ರದ ಕೊಳವೆಯ ತುದಿಯನ್ನು ತುತ್ತೂರಿಯ ಬಾಯಿಯಂತೆ ಅರಳಿಸಿ ನಟ್ಟು ಬಿಗಿಯಬೇಕು, ಅದಕ್ಕೆ ಫ್ಲೇರ್ ಅನ್ನುತ್ತಾರೆ. ಕತ್ತರಿಸಿದ ತುದಿಯ ಚೂಪನ್ನು ಕೆರೆದು ನಯ ಮಾಡಬೇಕು, ಅರಳಿಸುವಾಗ ಸೀಳಬಾರದು, ನಟ್ಟನ್ನು ಎರಡು ಪಾನಾ ಹಿಡಿದು ಅಳತೆಗೆ ಬಿಗಿಯಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. "ಒಂದು ಕೈಯಾಗ ಕಿಟಕಿ ಹಿಡದು ನಿಂತಾಂವ ಎರಡು ಪಾನಾ ಹೆಂಗ ಹಿಡೀಬೇಕ್ರಿ?" ಅಂದ. ನಮ್ಮ ಮೂರು ವರ್ಷದ ಸೋರಿಕೆ ಶುರುವಾದದ್ದು ಅಲ್ಲಿಯೇ. ಜಾಗ ಕೆಟ್ಟದ್ದು, ಅದರಿಂದ ಜೋಡಣೆ ಕೆಟ್ಟದ್ದು, ಜೋಡಣೆ ಕೆಟ್ಟದ್ದರಿಂದ ಪ್ರತಿ ವರ್ಷ ಮತ್ತೊಬ್ಬ ಅದೇ ಕೆಟ್ಟ ಜಾಗಕ್ಕೆ ಇಳಿಯಬೇಕು!

ನಾಲ್ಕು ದಿನ ಬಿಟ್ಟು ಅವನು ಜೊತೆಗಾರನೊಂದಿಗೆ ಬಂದ. ಇಬ್ಬರಿಗೂ ಬೆಲ್ಟು, ಹಗ್ಗವನ್ನು ಕಿಟಕಿಯ ಸರಳಿಗಲ್ಲ, ಒಳಗಿನ ಕಾಂಕ್ರೀಟ್ ಕಂಬಕ್ಕೆ ಸುತ್ತಿದರು. ಉಳಿದಿದ್ದ ಗ್ಯಾಸನ್ನು ಹೊರಗಿನ ಪೆಟ್ಟಿಗೆಯೊಳಗೇ ಎಳೆದು ವಾಲ್ವ್ ಮುಚ್ಚಿದರು, ಇದಕ್ಕೆ ಅವರು "ಗ್ಯಾಸ್ ಲಾಕ್" ಅನ್ನುತ್ತಾರೆ. ಸುಮ್ಮನೆ ಗಾಳಿಗೆ ಬಿಡುವವರೂ ಉಂಟು. ನಮ್ಮ ಎಸಿಯ ಆರ್-32 ಗ್ಯಾಸು ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 675 ಪಟ್ಟು ಜೋರು. 800 ಗ್ರಾಂ ಬಿಟ್ಟರೆ 540 ಕಿಲೋ ಇಂಗಾಲದ ಡೈ ಆಕ್ಸೈಡ್ ಬಿಟ್ಟಂತೆ. ಓಝೋನ್ ಪದರಕ್ಕೆ ಕುತ್ತು ತರುವ ಹಳೆಯ ಗ್ಯಾಸುಗಳನ್ನು 1987ರ ಮಾಂಟ್ರಿಯಲ್ ಒಪ್ಪಂದ ಹಿಂದೆ ಸರಿಸಿತು. ಬದಲಿಗೆ ಬಂದ ಇವನ್ನೂ ಕಡಿಮೆ ಮಾಡಬೇಕೆಂದು 2016ರಲ್ಲಿ ಕಿಗಾಲಿಯಲ್ಲಿ ತೀರ್ಮಾನವಾಯಿತು. ಇನ್ನೊಂದು ಮಾತು: ಆರ್-32 ನಿಧಾನವಾಗಿ ಉರಿಯಬಲ್ಲದು. 2012ರಲ್ಲಿ ಗೋದ್ರೆಜ್ ತಂದ ಎಸಿಗಳಲ್ಲಿರುವ ಪ್ರೊಪೇನ್ ಅಂತೂ ಚೆನ್ನಾಗಿಯೇ ಉರಿಯುತ್ತದೆ. ಗ್ಯಾಸು ಇರುವಾಗ ಬೆಸುಗೆಯ ದೀಪ ಹಚ್ಚುವವನನ್ನು ತಡೆಯಿರಿ.

ಪೆಟ್ಟಿಗೆ ಈಗ ಹಾಲಿನ ಗ್ಯಾಲರಿಯಲ್ಲಿದೆ. ನಮ್ಮವರ ಪೇಪರ್ ಓದುವ ಕುರ್ಚಿಯ ಜಾಗ ಹೋಯಿತು, ಗೊಣಗುವುದು ಇನ್ನೂ ನಿಂತಿಲ್ಲ. ಗ್ಯಾಲರಿಯ ಮೋಟುಗೋಡೆಗೆ ಬಿಸಿಗಾಳಿ ಬಡಿದು ವಾಪಸು ಬರಬಾರದೆಂದು ಎತ್ತರದ ಸ್ಟ್ಯಾಂಡ್ ಹಾಕಿ, ಫ್ಯಾನು ಗೋಡೆಯ ಮೇಲಿಂದ ಊದುವಂತೆ ಇಟ್ಟರು, ಕಾಲಿಗೆ ರಬ್ಬರು ಕೊಟ್ಟರು. ಕೊಳವೆ ಮೂರು ಮೀಟರಿನಿಂದ ಏಳಾಯಿತು. ಉದ್ದ ಹೆಚ್ಚಾದಷ್ಟು ಮೀಟರಿಗೆ ಇಷ್ಟು ಗ್ರಾಂ ಗ್ಯಾಸು ಹೆಚ್ಚು ಹಾಕಬೇಕೆಂದು ಕಂಪನಿಯ ಪುಸ್ತಕದಲ್ಲೇ ಇರುತ್ತದೆ, ಅದನ್ನು ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟೇ ಹಾಕಿದ.

ಅದಕ್ಕೂ ಮೊದಲು ಮಾಡಿದ ಕೆಲಸವನ್ನು ನೀವು ಮರೆಯದೆ ಕೇಳಿ ಮಾಡಿಸಿಕೊಳ್ಳಬೇಕು: ವ್ಯಾಕ್ಯೂಮ್. ಹೊಸ ಕೊಳವೆಯೊಳಗೆ ಗಾಳಿಯೂ ತೇವವೂ ಇರುತ್ತವೆ. ತೇವ ಒಳಗುಳಿದರೆ ಸಣ್ಣ ಕಿಂಡಿಯಲ್ಲಿ ಹೆಪ್ಪುಗಟ್ಟುತ್ತದೆ, ಎಣ್ಣೆಯನ್ನು ಹುಳಿ ಮಾಡಿ ಕಂಪ್ರೆಸರನ್ನು ತಿನ್ನುತ್ತದೆ. ಪಂಪು ಹಚ್ಚಿ ಇಪ್ಪತ್ತು ನಿಮಿಷವಾದರೂ ಎಳೆದು, ಪಂಪು ನಿಲ್ಲಿಸಿ ಮುಳ್ಳು ಕದಲುವುದೋ ಎಂದು ಕಾದು ನೋಡಬೇಕು. ಕದಲಿದರೆ ಎಲ್ಲೋ ಸೋರಿಕೆಯಿದೆ ಅಥವಾ ತೇವ ಉಳಿದಿದೆ. ಅವಸರದವರು ಪಂಪೇ ತರುವುದಿಲ್ಲ, ವಾಲ್ವ್ ತುಸು ತೆರೆದು ಒಂದಿಷ್ಟು ಗ್ಯಾಸು ಬಿಟ್ಟು "ಗಾಳಿ ಹೋಯಿತು" ಅನ್ನುತ್ತಾರೆ. 2022ರಲ್ಲಿ ನಮ್ಮಲ್ಲಿ ಪಂಪು ಬಂದಿತ್ತೋ ಇಲ್ಲವೋ, ನಾನಂತೂ ಅಡಿಗೆಮನೆಯಲ್ಲಿದ್ದೆ.

ಉಳಿದ ಸರ್ವೀಸು ಬಹಳವಿಲ್ಲ. ಒಳಗಿನ ಜಾಳಿಗೆಯನ್ನು ತಿಂಗಳಿಗೊಮ್ಮೆ ನೀವೇ ತೊಳೆಯಿರಿ. ಹೊರಗಿನ ಸುರುಳಿಯನ್ನು ಬೇಸಿಗೆಗೆ ಮುಂಚೆ ಒಮ್ಮೆ, ಎಂಸಿಬಿ ಇಳಿಸಿ, ಮೆಲ್ಲಗಿನ ನೀರಿನಿಂದ ತೊಳೆಸಿ. ಜೋರಾಗಿ ಹೊಡೆದರೆ ಅಲ್ಯೂಮಿನಿಯಂ ಎಸಳುಗಳು ಮಡಿಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ, ಒಳಗಿನ ಕೆಪ್ಯಾಸಿಟರು ಕರೆಂಟು ತೆಗೆದ ಮೇಲೂ ಹೊಡೆಯಬಲ್ಲದು. ಪುಣೆಯಲ್ಲಿ ದೊಡ್ಡ ಕಾಟ ಪಾರಿವಾಳದ್ದು. ಪೆಟ್ಟಿಗೆಯ ಹಿಂದಿನ ಸಂದಿಯಲ್ಲಿ ಗೂಡು ಕಟ್ಟುತ್ತವೆ, ಹಿಕ್ಕೆಯಿಂದ ಎಸಳುಗಳು ಸವೆದುಹೋಗುತ್ತವೆ. ದಿನಾ ಕೈಗೆಟುಕುವ ಜಾಗದಲ್ಲಿದ್ದರೆ ಮೊದಲ ಕಡ್ಡಿ ಬಿದ್ದಾಗಲೇ ತೆಗೆಯಬಹುದು.

ನೀವು ಖರಾಡಿಯಲ್ಲೋ ಹಿಂಜವಡಿಯಲ್ಲೋ ಫ್ಲ್ಯಾಟು ನೋಡಲು ಹೋದಾಗ ಅಡಿಗೆಮನೆ ನೋಡುತ್ತೀರಿ, ಪಾರ್ಕಿಂಗ್ ನೋಡುತ್ತೀರಿ. ಎಸಿಯ ಪೆಟ್ಟಿಗೆ ಎಲ್ಲಿ ಕೂರುತ್ತದೆ, ಅದರ ಮುಂದೆ ಒಬ್ಬ ಮನುಷ್ಯ ಎರಡೂ ಕಾಲೂರಿ ನಿಲ್ಲಬಹುದೇ ಅಂತ ಮಾಲೀಕರನ್ನು ಕೇಳಿ. ಅವರು ಛಜ್ಜಾ ತೋರಿಸಿದರೆ, "ಅಲ್ಲಿ ನೀವು ನಿಂತು ತೋರಿಸಿ" ಅನ್ನಿ. ಒರಟಾಗಿ ಕಂಡರೆ ಕಾಣಲಿ.

ಇಂಡಿಯ ಹುಡುಗ 2026ರ ಮಾರ್ಚಿನಲ್ಲಿ ಸರ್ವೀಸಿಗೆ ಬಂದಿದ್ದ. ಗ್ಯಾಸಿನ ಒತ್ತಡ ಇದ್ದಷ್ಟೇ ಇತ್ತು. ಹಳೆಯ ಕಬ್ಬಿಣದ ಸ್ಟ್ಯಾಂಡು ಇನ್ನೂ ಛಜ್ಜಾದ ಮೇಲೇ ಬೋಲ್ಟು ಹಾಕಿಕೊಂಡು ಕೂತಿದೆ, ಅದರ ಮೇಲೆ ಪಾರಿವಾಳದ ಸಂಸಾರ. ಅದನ್ನೂ ತೆಗೆಸಿಬಿಡೋಣ ಎಂದು ನಮ್ಮವರು ಅನ್ನುತ್ತಾರೆ. ಅದಕ್ಕೂ ಯಾರಾದರೂ ಅಲ್ಲಿಗೆ ಇಳಿಯಬೇಕಲ್ಲ, ಕಟ್ಟಡಕ್ಕೆ ಬಣ್ಣ ಬಳಿಯಲು ಪರಾಂಚಿ ಕಟ್ಟಿದಾಗ ನೋಡೋಣ ಅಂದಿದ್ದೇನೆ.