ಹದಿನೈದು ಸಾವಿರದ ಕಾರು

ತಣಿಸಂದ್ರದ ಮುಖ್ಯರಸ್ತೆಯಲ್ಲಿ ಸಂಜೆಯ ಹೊತ್ತು ವಾಹನಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತಿರುವಾಗ, ಅವುಗಳ ನಡುವೆ ಹಳೆಯ ಅಂಬಾಸಡರ್ ಒಂದು ಕಾಣಿಸಿತೆನ್ನಿ. ನೋಡಿದ ಹಿರಿಯರೆಲ್ಲರ ಬಾಯಲ್ಲಿ ಬರುವ ಮಾತು ಒಂದೇ: “ಆಗ ಇದಕ್ಕೆ ಬರಿಯ ಹದಿನೈದು ಸಾವಿರ! ಈಗ ಆ ಹಣಕ್ಕೆ ಒಳ್ಳೆಯ ಬೈಸಿಕಲ್ಲು ಬಂದರೆ ಪುಣ್ಯ.”

ಮಾತು ಸುಳ್ಳಲ್ಲ. 1969ರ ಸುಮಾರಿಗೆ ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಈ ಮೂರರ ಬೆಲೆಯೂ ಹದಿನೈದು ಸಾವಿರದ ಆಚೀಚೆಯೇ ಇತ್ತು. ಆದರೆ ಕೊಳ್ಳುವವನ ಕಿಸೆಯನ್ನು ನೋಡದೆ ಅಗ್ಗವೆನ್ನುವುದು ಸಲ್ಲದು.

ಆ ದಶಕದಲ್ಲಿ ಐ.ಎ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದ ತರುಣ ಅಧಿಕಾರಿಯ ಆರಂಭದ ಮೂಲವೇತನ 400 ರೂಪಾಯಿ. ಅನ್ನಕ್ಕೆ, ಬಟ್ಟೆಗೆ, ಬಾಡಿಗೆಗೆ ಒಂದು ಕಾಸನ್ನೂ ತೆಗೆಯದೆ ಅದನ್ನು ಕೂಡಿಟ್ಟರೂ ಕಾರಿಗೆ ಮೂರು ವರ್ಷದ ಮೇಲಾಗುತ್ತಿತ್ತು. ಜಿಲ್ಲೆಯನ್ನಾಳಲು ಹೊರಟವನ ಪಾಡೇ ಇದಾದರೆ, ಅವನ ಕಚೇರಿಯ ಗುಮಾಸ್ತನ ಗತಿಯೇನು? ಚಿನ್ನದ ತಕ್ಕಡಿಯಲ್ಲಿ ತೂಗಿದರೆ ಇನ್ನೂ ಸ್ಪಷ್ಟವಾದೀತು. 1969ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಸುಮಾರು 175 ರೂಪಾಯಿ. ಒಂದು ಕಾರಿನ ಹಣಕ್ಕೆ 850 ಗ್ರಾಂ ಬಂಗಾರ ಬರುತ್ತಿತ್ತು. ಮದುವೆಗೆ ಬೆಳೆದ ಹೆಣ್ಣುಮಕ್ಕಳಿದ್ದ ಮನೆಯ ಯಜಮಾನನು ಇವೆರಡರಲ್ಲಿ ಯಾವುದನ್ನು ಆರಿಸುತ್ತಿದ್ದನೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಆಗಿನ್ನೂ ಹಳ್ಳಿಯಾಗಿದ್ದ, 2007ರಲ್ಲಷ್ಟೇ ಮಹಾನಗರದ ಆಡಳಿತಕ್ಕೆ ಸೇರಿದ ತಣಿಸಂದ್ರದಂಥ ಊರಿನಲ್ಲಿ ಕಾರು ಎಂದರೆ ಬಂದುಹೋಗುವ ದೊಡ್ಡ ಮನುಷ್ಯರದು.

ಅದೇ ಕಾಲದ ಅಮೆರಿಕವನ್ನು ನೋಡಿ. 1964ರ ಏಪ್ರಿಲಿನಲ್ಲಿ ಫೋರ್ಡ್ ಕಂಪನಿ ಹೊರತಂದ ಮಸ್ಟಾಂಗ್ ಕಾರಿನ ಆರಂಭದ ಬೆಲೆ 2,368 ಡಾಲರ್. ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ ಒಂದೂಕಾಲು ಡಾಲರ್. ವಾರಕ್ಕೆ ನಲವತ್ತು ಗಂಟೆ ದುಡಿಯುವ ಸಾಧಾರಣ ಕೂಲಿಯವನ ಒಂದು ವರ್ಷದ ಗಳಿಕೆ ಅದಕ್ಕೆ ಸಾಕಾಗಿ ಮಿಗುತ್ತಿತ್ತು. ಎಂಟು ಸಿಲಿಂಡರಿನ ದೈತ್ಯ ಎಂಜಿನ್ನು ಬೇಕೆಂದರೆ ಮಾತ್ರ ಬೇರೆ ಹಣ ತೆರಬೇಕು. ನಮ್ಮ ಅಂಬಾಸಡರಿಗಿದ್ದದ್ದು ಐವತ್ತರ ಆಸುಪಾಸಿನ ಅಶ್ವಶಕ್ತಿ. ಆದರೂ ಅದು ಐಶ್ವರ್ಯವಂತರ ಕುದುರೆ!

ಇಲ್ಲಿ ಹಣವಿದ್ದವನಿಗೂ ಕಾರು ಒಡನೆ ದಕ್ಕುತ್ತಿರಲಿಲ್ಲ. ಪರವಾನೆಯ ಕಟ್ಟಿನೊಳಗೆ ಮೂರೇ ಕಾರ್ಖಾನೆಗಳು. ಹೊರದೇಶದ ಗಾಡಿಗೆ ಬಾಗಿಲು ಮುಚ್ಚಿತ್ತು. 1959ರ ಸರ್ಕಾರಿ ಆಜ್ಞೆಯ ಪ್ರಕಾರ ಹೆಸರು ನೋಂದಾಯಿಸಿ ಸರದಿ ಕಾಯಬೇಕು. ಫಿಯೆಟ್ಟಿಗಂತೂ ವರ್ಷಗಟ್ಟಲೆ. ಕಾಯಲಾರದ ವೈದ್ಯರು, ವರ್ತಕರು ಒಮ್ಮೆ ಓಡಿದ ಗಾಡಿಗೇ ಹೊಸದಕ್ಕಿಂತ ಹೆಚ್ಚಿನ ಹಣ ಸುರಿಯುತ್ತಿದ್ದರು. ಮೋಟಾರಿನ ಬೆಲೆ ಸವೆದಷ್ಟೂ ಏರುವ ಈ ವಿಚಿತ್ರವು ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲಿದೆಯೋ!

ಸಾಮಾನ್ಯ ಸಂಸಾರಿಗೆ ಆಸೆ ಚಿಗುರಿಸಿದ್ದು ಮಾರುತಿ. 1983ರ ಡಿಸೆಂಬರ್ 14ರಂದು ಶ್ರೀಮತಿ ಇಂದಿರಾ ಗಾಂಧಿಯವರು ಮೊದಲ ಗಾಡಿಯ ಬೀಗದಕೈಯನ್ನು ಕೊಟ್ಟಾಗ ಅದರ ಬೆಲೆ ಐವತ್ತು ಸಾವಿರದ ಆಸುಪಾಸು. ಅಂಕಿ ದೊಡ್ಡದಾಗಿತ್ತು, ಸಂಬಳವೂ ಬೆಳೆದಿತ್ತು. ಮುಂಗಡ ಕಟ್ಟಿದವರು ಲಕ್ಷಕ್ಕೂ ಮಿಕ್ಕಿದ್ದರು. 2016ರ ವೇಳೆಗೆ ಅದೇ ಕಂಪನಿಯ ಆಲ್ಟೊ ಸುಮಾರು ಎರಡೂವರೆ ಲಕ್ಷಕ್ಕೆ ಸಿಗುತ್ತಿತ್ತು. ಆ ವರ್ಷ ಹೊಸ ಐ.ಎ.ಎಸ್. ಅಧಿಕಾರಿಯ ಮೂಲವೇತನ 56,100 ರೂಪಾಯಿಗೆ ನಿಗದಿಯಾಯಿತು. ಹಿಂದೆ ಮೂರು ವರ್ಷ ಮೀರುತ್ತಿದ್ದ ಲೆಕ್ಕ ಐದು ತಿಂಗಳೊಳಗೆ ಮುಗಿಯಿತು.