ದಾರಿಯೂ ದಿಕ್ಕೂ

ವಾಹನ ನಡೆಸುವವನಿಗೆ ದಿಕ್ಸೂಚಿ ಮೇಲೋ, ಜಿಪಿಎಸ್ ಮೇಲೋ ಎಂದು ಕೇಳಿದರೆ ಇಂದು ಹಲವರು ನಕ್ಕಾರು. ಕಿಸೆಯೊಳಗಿನ ಫೋನು ಗಲ್ಲಿಗಲ್ಲಿಯ ತಿರುವನ್ನೂ ಬಾಯಿಬಿಟ್ಟು ಹೇಳುತ್ತಿರುವಾಗ ಕಾಂತದ ಮುಳ್ಳಿಗೆ ಏನು ಕೆಲಸ ಎಂಬುದು ಸಹಜವಾದ ಮಾತೇ. ಆದರೂ ಪರವೂರಿನ ನಮ್ಮ ಬಂಧುಗಳಲ್ಲಿ ಟೆಂಪೋ ಓಡಿಸುವವರು, ಹೋಟೆಲಿನ ತಿಂಡಿಯನ್ನು ಬೈಕಿನಲ್ಲಿ ಮನೆಮನೆಗೆ ಮುಟ್ಟಿಸುವವರು, ರಜೆಯಲ್ಲಿ ಸಂಸಾರಸಮೇತ ಕಾರಿನಲ್ಲಿ ಊರಿಗೆ ಹೊರಡುವ ಗುಮಾಸ್ತರು ಬಹು ಮಂದಿ ಇರುವುದರಿಂದ, ಈ ವಿಷಯವನ್ನು ತುಸು ವಿವೇಚಿಸುವುದು ಅನುಚಿತವಾಗಲಾರದು.

ಜಿಪಿಎಸ್ ಅಮೆರಿಕದ ಸೇನೆಯ ಸಲುವಾಗಿ ಹುಟ್ಟಿದ ಸಾಧನ. 1978ರಲ್ಲಿ ಅದರ ಮೊದಲ ಉಪಗ್ರಹ ಮೇಲೇರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಪೈಕಿ ನಾಲ್ಕರಿಂದಲಾದರೂ ಬರುವ ಸಂಕೇತಗಳ ಕಾಲವನ್ನು ಅಳೆದು, ಫೋನು ತಾನಿರುವ ಸ್ಥಳವನ್ನು ಲೆಕ್ಕಹಾಕುತ್ತದೆ. ನಮ್ಮ ದೇಶವೂ 2013ರಲ್ಲಿ ಇಂತಹದೇ ಸ್ವಂತ ವ್ಯವಸ್ಥೆಯ ಮೊದಲ ಉಪಗ್ರಹವನ್ನು ಹಾರಿಸಿತು. ನಾವಿಕ್ ಎಂಬ ಆ ವ್ಯವಸ್ಥೆಯ ಕೇಂದ್ರವು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿರುವುದು ಕನ್ನಡಿಗರಿಗೆ ಸಂತೋಷದ ಸಂಗತಿ.

ದಿಕ್ಸೂಚಿಯಾದರೋ ಸ್ಥಳವನ್ನು ಹೇಳಲಾರದು. ಉತ್ತರ ಯಾವುದೆಂದು ಮಾತ್ರ ತೋರುವುದು. ಅದಕ್ಕೆ ಬ್ಯಾಟರಿ ಬೇಡ, ಉಪಗ್ರಹ ಬೇಡ. ಆದರೆ ಕಬ್ಬಿಣವೂ ವಿದ್ಯುತ್ತೂ ಅದಕ್ಕೆ ಆಗಿಬಾರವು. ಮುಂಬಯಿಗೆ ವಿದ್ಯುತ್ ಟ್ರಾಮು ಬರುವುದೆಂದಾದಾಗ, ಕೊಲಾಬಾ ವೀಕ್ಷಣಾಲಯದ ಸೂಕ್ಷ್ಮವಾದ ಕಾಂತಮಾಪನ ಕಾರ್ಯಕ್ಕೆ ಅಡ್ಡಿಯಾದೀತೆಂದು 1904ರಲ್ಲಿ ಅಲಿಬಾಗಿನಲ್ಲಿ ಬೇರೆ ನೆಲೆಯನ್ನು ಕಲ್ಪಿಸಬೇಕಾಯಿತು. ಹಾಗಿರಲು ಉಕ್ಕಿನ ಕಾರಿನೊಳಗೆ ಇಟ್ಟ ಮುಳ್ಳು ತಪ್ಪು ತೋರುವುದರಲ್ಲಿ ಆಶ್ಚರ್ಯವೇನು? ಗಾಡಿಯಿಂದಿಳಿದು ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಅದು ನಿಜ ಹೇಳೀತು.

ಆದುದರಿಂದ ನಗರದ ಒಮ್ಮುಖ ರಸ್ತೆಗಳಲ್ಲಿಯೂ ಮೇಲ್ಸೇತುವೆಗಳಲ್ಲಿಯೂ ಜಿಪಿಎಸ್ಸೇ ಮೇಲೆಂಬುದು ನಿರ್ವಿವಾದ. ದಿಕ್ಸೂಚಿ ಹಿಡಿದು ಹೊರಟವನು ಗಿರಾಕಿಯ ಮನೆ ಹುಡುಕುವಷ್ಟರಲ್ಲಿ ಇಡ್ಲಿ ತಣ್ಣಗಾಗಿರುತ್ತದೆ.

ಆದರೆ ಜಿಪಿಎಸ್ಸಿಗೂ ಮಿತಿಗಳುಂಟು. ಗಾಡಿ ನಿಂತಿರುವಾಗ ತನ್ನ ಮುಖ ಯಾವ ಕಡೆಗಿದೆಯೆಂಬುದು ಅದಕ್ಕೆ ತಿಳಿಯದು; ಚಲಿಸಿದ ಮೇಲೆಯೇ ತಿಳಿಯುವುದು. ಈ ಕೊರತೆಯನ್ನು ನೀಗಲು ಫೋನಿನೊಳಗೆಯೇ ಒಂದು ಪುಟ್ಟ ದಿಕ್ಸೂಚಿಯನ್ನು ಅಡಗಿಸಿಟ್ಟಿದ್ದಾರೆ. ಫೋನನ್ನು ಕಾಂತದ ಹಿಡಿಕೆಗೆ ಅಂಟಿಸಿದರೆ ಅದೂ ತಪ್ಪೀತು. ಎತ್ತರದ ಕಟ್ಟಡಗಳ ನಡುವೆ ಸಂಕೇತಗಳು ಗೋಡೆಗೆ ತಾಗಿ ಮರಳಿ, ಸ್ಥಳದ ಲೆಕ್ಕ ಕೆಡುವುದುಂಟು. ಘಟ್ಟದಲ್ಲಿ ಉಪಗ್ರಹ ಸಿಕ್ಕಿದರೂ, ನೆಟ್‌ವರ್ಕ್ ಇಲ್ಲದೆ ನಕ್ಷೆಯೇ ತೆರೆಯದಿರಬಹುದು.

ಎಲ್ಲಕ್ಕಿಂತ ಮಿಗಿಲಾಗಿ, ನಾವಿರುವ ಸ್ಥಳ ಸರಿಯಾದ ಮಾತ್ರಕ್ಕೆ ನಕ್ಷೆಯೂ ಸರಿಯೆನ್ನಲಾಗದು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ರಾಮಗಂಗಾ ನದಿಯ ತುಂಡಾದ ಸೇತುವೆಯಿಂದ ಕಾರೊಂದು ಕೆಳಗುರುಳಿ ಮೂವರು ಮಡಿದರು. ಅವರು ಫೋನಿನ ನಕ್ಷೆಯನ್ನು ನಂಬಿ ಬಂದಿದ್ದರೆಂದು ವರದಿಯಾಯಿತು. ಸೇತುವೆಯ ಒಂದು ಭಾಗ ಹಿಂದೆಯೇ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಅಲ್ಲಿ ಅಡ್ಡಗಟ್ಟು ಹಾಕುವುದು ಅಧಿಕಾರಿಗಳ ಹೊಣೆಯಾಗಿತ್ತೆಂಬುದು ನಿಜ. ದಿಕ್ಸೂಚಿ ಇದ್ದಿದ್ದರೂ ಅವರನ್ನು ಉಳಿಸುತ್ತಿರಲಿಲ್ಲವೆಂಬುದೂ ನಿಜ. ಯಂತ್ರ ಯಾವುದೇ ಇರಲಿ, ಅದನ್ನು ಪರೀಕ್ಷಿಸುವ ಬುದ್ಧಿ ಚಾಲಕನದಾಗಿರಬೇಕು.

ಆ ಪರೀಕ್ಷೆಗೆ ದಿಕ್ಕಿನ ಅರಿವೇ ಮೊದಲ ಮೆಟ್ಟಿಲೆಂದು ನಮ್ಮ ಅಭಿಪ್ರಾಯ. ನಮ್ಮ ಜನರಿಗೆ ಈ ವಿದ್ಯೆ ಹೊಸತಲ್ಲ. ಮೂಡುಬಿದಿರೆ, ಪಡುಬಿದ್ರಿ, ತೆಂಕ ಎರ್ಮಾಳು, ಬಡಾ ಎರ್ಮಾಳು ಎಂದು ಊರುಗಳ ಹೆಸರಿನಲ್ಲಿಯೇ ದಿಕ್ಕನ್ನು ಹೊತ್ತವರು ನಾವು. ಯಕ್ಷಗಾನಕ್ಕೂ ತೆಂಕುತಿಟ್ಟು, ಬಡಗುತಿಟ್ಟು ಎಂದವರು. ಮುಂಬಯಿಯೂ ಹಾಗೆಯೇ. ಚರ್ಚ್‌ಗೇಟಿನಿಂದ ವಿರಾರಿಗೆ ಹೋಗುವ ಹಳಿ ಬಡಗಣಕ್ಕೆ ಸಾಗುವುದು. ಅಂಧೇರಿ, ಬೋರಿವಲಿಗಳು ಹಳಿಯ ಎರಡು ಪಕ್ಕದಲ್ಲಿ ಪೂರ್ವ, ಪಶ್ಚಿಮವೆಂದು ಹೆಸರಾಗಿರುವುವು. ಅಲ್ಲಿಂದ ಚೆನ್ನೈಗೆ ಹೋದವನು ಕಡಲು ಪಡುವಣದಲ್ಲಿಲ್ಲ, ಮೂಡಣದಲ್ಲಿದೆಯೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಮುಂಬಯಿಯಿಂದ ಉಡುಪಿಗೆ ತೆಂಕಣಾಭಿಮುಖವಾಗಿ ಹೊರಟವನಿಗೆ ಬೆಳಗಿನ ಬಿಸಿಲು ಎಡಕ್ಕಿರಬೇಕು. ಬಹು ಹೊತ್ತು ಅದು ಬೆನ್ನಿಗೇ ಬೀಳುತ್ತಿದ್ದರೆ, ಫೋನು ಏನೇ ಹೇಳಲಿ, ಗಾಡಿ ನಿಲ್ಲಿಸಿ ಒಬ್ಬರನ್ನು ಕೇಳುವುದು ಲೇಸು.

ಹೊರಡುವ ಮುನ್ನ ಇಡೀ ದಾರಿಯನ್ನು ಒಮ್ಮೆ ನೋಡಿ, ನಡುವಿನ ದೊಡ್ಡ ಊರುಗಳನ್ನು ನೆನಪಿಟ್ಟುಕೊಳ್ಳಿರಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿರಿ. ರಾತ್ರಿಯ ವೇಳೆ ಅಪರಿಚಿತವಾದ ಅಡ್ಡದಾರಿಯನ್ನು ಹಿಡಿಯದಿರಿ.

ಧಣಿಗಳಿಗೂ ತಿಂಡಿ ಮುಟ್ಟಿಸುವ ಕಂಪನಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ಯಂತ್ರ ತೋರಿದ ನಿಮಿಷಗಳನ್ನೇ ಹಿಡಿದು ಹುಡುಗನ ಸಂಬಳಕ್ಕೆ ಕತ್ತರಿ ಹಾಕುವುದು ನ್ಯಾಯವಲ್ಲ. ನೀರು ನಿಂತ ರಸ್ತೆಯನ್ನೋ ಅಗೆದುಬಿಟ್ಟ ಗಲ್ಲಿಯನ್ನೋ ಕಣ್ಣಾರೆ ಕಂಡು ಹಿಂತಿರುಗಿ ಬಳಸಿ ಬಂದವನು ತಪ್ಪು ಮಾಡಿದವನಲ್ಲ. ತನ್ನ ಜೀವವನ್ನೂ ನಿಮ್ಮ ಗಾಡಿಯನ್ನೂ ಉಳಿಸಿದವನು. ಅವನು ಹತ್ತು ನಿಮಿಷ ತಡವಾಗಿ ಬಂದರೂ ಗದರಿಸದೆ ಒಳಗೆ ಕರೆದು ಒಂದು ಲೋಟ ಚಹಾ ಕೊಡುವುದು ಧಣಿಯಾದವನಿಗೆ ಶೋಭೆ.